ಮಾವನ ಡೋಲಕ್ಕಿನಲ್ಲೊಂದು ತಗ್ಗು

"ಈ ತಗ್ಗು ಯಾಕ ಬಿದ್ದದ ಇಲ್ಲಿ?"

ಅಂಬರೀಶ ಇದನ್ನು ಯಾರನ್ನೂ ಕೇಳಿದ್ದಲ್ಲ. ಕೇಳಲು ಅಲ್ಲಿ ಯಾರೂ ಇರಲಿಲ್ಲ. ಅವನಿದ್ದ, ಅವನ ಲ್ಯಾಪ್‌ಟಾಪ್ ಇತ್ತು, ಸಪ್ಪಳ ಹೊರಗೆ ಹೋಗದಿರಲೆಂದು ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಹಳೆಯ ಗಾದಿಗಳಿದ್ದವು. ಗಾದಿಗಳು ಎಷ್ಟೋ ಸಂಸಾರಗಳ ಗುಟ್ಟು ಕೇಳಿ ಅರಗಿಸಿಕೊಂಡಂಥವು. ಬಾಯಿ ಬಿಡುವ ಪೈಕಿ ಅಲ್ಲ.

ತಗ್ಗು ಬಿದ್ದದ್ದು ರಸ್ತೆಯಲ್ಲಲ್ಲ. ರಾಯಚೂರಿನಲ್ಲಿ ರಸ್ತೆಯ ತಗ್ಗಿಗೆ ಕಾರಣ ಕೇಳುವವನನ್ನು ಪರವೂರಿನವನೆಂದು ಜನ ಕೂಡಲೇ ಗುರುತು ಹಿಡಿಯುತ್ತಾರೆ. ಇದು ಬಿದ್ದದ್ದು ಲ್ಯಾಪ್‌ಟಾಪಿನ ಪರದೆಯ ಮೇಲೆ, ಅಂಬರೀಶನ ಮಾವ ಮೌನಪ್ಪ ಬಾರಿಸಿದ ಡೋಲಕ್ಕಿನ ಗೆರೆಯಲ್ಲಿ. ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಡೋಲಕ್ಕಿನ ಒಂದೊಂದು ಪೆಟ್ಟೂ ಜೋಳದ ತೆನೆಯ ಹಾಗೆ ಎದ್ದು ಕಾಣುತ್ತದೆ. ಆ ತೆನೆಗಳು ಸಾಲುಸಾಲಾಗಿ ಬಂದು, ಹಾಡಿನ ಪ್ರತಿ ನುಡಿಯ ಕೊನೆಗೆ ಫಕ್ಕನೆ ನಿಂತುಬಿಡುತ್ತಿದ್ದವು. ಯಾರೋ ದನ ಬಿಟ್ಟು ಮೇಯಿಸಿದ ಹಾಗೆ ಖಾಲಿ ಹೊಲ. ಆ ಖಾಲಿಯ ನಡುವೆ ಒಂದು ಸಣ್ಣ ಮೊಳಕೆ. ಕಿವಿಗೊಟ್ಟು ಕೇಳಿದರೆ 'ಟಕ್' ಎಂಬ ಸಪ್ಪಳ. ಆಮೇಲೆ ಮತ್ತೆ ತೆನೆಗಳ ಸಾಲು.

ಅಂಬರೀಶ ಎಂಥವನೆಂದು ಇಲ್ಲಿಯೇ ಹೇಳಿಬಿಡಬೇಕು. ಮುಂದೆ ಅವನಿಗೂ ಪುರುಸೊತ್ತಿಲ್ಲ, ನಮಗೂ ಇಲ್ಲ. ಹಗಲಿಗೆ ಅವನು ಯರಗೇರಾದ ಒಂದು ಆಫೀಸಿನಲ್ಲಿ ಗುಮಾಸ್ತ. ಮಣ್ಣಿನ ಗುರುವನ್ನು ಮಾಡಿಟ್ಟುಕೊಂಡು ಕಾಡಿನಲ್ಲಿ ಬಿಲ್ಲು ಕಲಿತವನ ಕಥೆ ಪುರಾಣದಲ್ಲಿದೆಯಲ್ಲ, ಅದೇ ಬಗೆಯಲ್ಲಿ ಇವನು ಮೊಬೈಲಿನ ವಿಡಿಯೋಗಳನ್ನು ಗುರು ಮಾಡಿಕೊಂಡು, ಯರಗೇರಾ ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತು ರೆಕಾರ್ಡಿಂಗ್ ವಿದ್ಯೆ ಕಲಿತ. ಕಂಡಕ್ಟರು ಟಿಕೆಟ್ಟು ಕೇಳಿದಾಗೆಲ್ಲ ಪಾಠ ಅಷ್ಟಷ್ಟು ತಪ್ಪಿತು. ತಪ್ಪಿದ ಪಾಠಗಳು ಯಾವುವೆಂಬುದೇ ಈ ಕಥೆ.

ಅವನ ಸ್ಟುಡಿಯೋ ಇದ್ದದ್ದು ತೀನ್ ಕಂದೀಲಿನ ಹಿಂದಿನ ಓಣಿಯಲ್ಲಿ, ಜಿಲಾನಿ ಪಾಷಾನ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ. 'ಅಂಬರೀಶ ಡಿಜಿಟಲ್ ಸೌಂಡ್' ಎಂದು ಬೋರ್ಡು. ಕೆಳಗೆ ಗಿರಣಿ ತಿರುಗಿದರೆ ಮೇಲೆ ಮೈಕು, ಕುರ್ಚಿ, ಅಂಬರೀಶನ ಹಲ್ಲು ಎಲ್ಲವೂ ಒಂದೇ ಶ್ರುತಿಯಲ್ಲಿ ನಡುಗುತ್ತಿದ್ದವು. ಹೀಗಾಗಿ ಕರೆಂಟು ಹೋದಾಗ ಮಾತ್ರ ಅಲ್ಲಿ ಸಂಗೀತ. ಕಲ್ಲಿದ್ದಲು ಸುಟ್ಟು ಅರ್ಧ ರಾಜ್ಯಕ್ಕೆ ಕರೆಂಟು ಕೊಡುವ ಶಕ್ತಿನಗರದ ಮಗ್ಗುಲಲ್ಲಿ ಕೂತು, ಕರೆಂಟು ಹೋಗಲಪ್ಪಾ ದೇವರೇ ಎಂದು ಹರಕೆ ಹೊರುವ ಕಲಾವಿದ ಅವನೊಬ್ಬನೇ. ಹೋದ ಕ್ಷಣಕ್ಕೆ ಜಿಲಾನಿ ಪಾಷಾ ಕೆಳಗಿನಿಂದ ಕೂಗುತ್ತಿದ್ದ: "ಅಂಬರೀಶ್ ಭಾಯ್, ಹೋತು ನೋಡ್ರಿ! ಹಾಡ್ರಿ, ಜಲ್ದಿ ಹಾಡ್ರಿ!"

ಇನ್ನು ಮಾವ. ಮೌನಪ್ಪ ದೇವದುರ್ಗದಲ್ಲಿ ಬನ್ನಿಗಿಡದ ತಾತನೆಂಬ ಅವಧೂತನ ಮಠದ ಭಜನಾ ಮೇಳದಲ್ಲಿ ಡೋಲಕ್ ಬಾರಿಸುವವನು. ಅಮಾವಾಸ್ಯೆಯ ಭಜನೆಯಲ್ಲಿ ತಾತನ ಗದ್ದುಗೆಯ ಬಲಮಗ್ಗುಲಿಗೆ ಅವನ ಜಾಗ. ಆ ಜಾಗ ಕೈಚಳಕ ನೋಡಿ ಕೊಡುವಂಥದ್ದಲ್ಲ, ಭಕ್ತಿ ನೋಡಿ ಕೊಡುವಂಥದ್ದು. ತಾತನ ಮಠದಲ್ಲಿ ಬೀಡಿ, ತಂಬಾಕು, ನಶ್ಯ ಯಾವುದೂ ನಡೆಯುವುದಿಲ್ಲ. ಒಂದು ಕಾಲಕ್ಕೆ ಮೂಗಿನ ತುಂಬ ನಶ್ಯ ಏರಿಸುತ್ತಿದ್ದ ಮೌನಪ್ಪ, ಡೋಲಕ್ಕಿನ ಮುಂದೆ ಕೂರುವ ಮೊದಲು ಗದ್ದುಗೆ ಮುಟ್ಟಿ ಅದನ್ನು ಬಿಟ್ಟ. ಈ ಸಂಗತಿ ಊರಿಗೆಲ್ಲ ಬಾಯಿಪಾಠ. ಏಕೆಂದರೆ ಅವನ ಹೆಂಡತಿಯ ಹೆಸರು ಮೂಕಮ್ಮ; ದೇವರು ಹೆಸರು ಒಂದು ಕೊಟ್ಟು ನಾಲಿಗೆ ಇನ್ನೊಂದು ಕೊಟ್ಟಿದ್ದ. ನಲ್ಲಿಯ ಕಟ್ಟೆಯಲ್ಲಿ ಕೊಡ ತುಂಬುವಷ್ಟರಲ್ಲಿ ಗಂಡನ ನಶ್ಯತ್ಯಾಗದ ಕಥೆಯನ್ನು ಫಲಶ್ರುತಿ ಸಮೇತ ಮುಗಿಸುತ್ತಿದ್ದಳು.

ಇಂಥ ಮೌನಪ್ಪ ಮಗಳು ಶಶಿಕಲಾಳನ್ನು ಕೊಟ್ಟಂದಿನಿಂದ ಅಂಬರೀಶನನ್ನು ಒಮ್ಮೆಯಾದರೂ 'ಅಳಿಯಂದಿರು' ಅಂದವನಲ್ಲ. ಎದುರಿಗಿದ್ದರೆ "ಇಂವ", ಹಿಂದೆ "ಶಶಿಕಲಾನ ಗಂಡ". ಒಮ್ಮೆಯಂತೂ ಸಂತೆಯಲ್ಲಿ ಪರಿಚಯ ಮಾಡಿಸುವಾಗ "ಇಂವಾ... ರಾಯಚೂರಾಗ ಇರ್ತಾನ" ಎಂದು ಕೈ ತೊಳೆದುಕೊಂಡಿದ್ದ. ಆ 'ಅಂದಿರು' ಎಂಬ ಬಾಲಕ್ಕಾಗಿಯೇ ಅಂಬರೀಶ ಇಡೀ ಭಜನಾ ಮೇಳವನ್ನು ಟೆಂಪೋದಲ್ಲಿ ರಾಯಚೂರಿಗೆ ಕರೆಸಿ, ತಾತನ ಪದವೊಂದನ್ನು ರೆಕಾರ್ಡ್ ಮಾಡಿದ್ದು.

ಕರೆಂಟು ಹೋದೊಡನೆ ಹಾಡು ಶುರುವಾಯಿತು. ಗದ್ದೆಮ್ಮ ಹಾಡಿದಳು, ಅವಳಷ್ಟು ವಯಸ್ಸಾದ ದನಿ ಮೇಳದಲ್ಲಿ ಇನ್ನೊಂದಿಲ್ಲ, ಅಷ್ಟು ಗಟ್ಟಿಯಾದದ್ದೂ ಇಲ್ಲ. ಕನಕರಾಯ ತಾಳ ಹಾಕಿದ. ಡೋಲಕ್ಕಿನ ಸಪ್ಪಳ ಬೇರೆಯವರ ಮೈಕಿಗೆ ಬೀಳಬಾರದೆಂದು ಅಂಬರೀಶ ಮಾವನನ್ನು ಮೂಲೆಯಲ್ಲಿ ಕೂಡಿಸಿ, ಮುಂದೆ ದಪ್ಪ ಕೌದಿ ಇಳಿಬಿಟ್ಟಿದ್ದ. ಕೌದಿಯ ಹಿಂದಿನಿಂದ ಡೋಲಕ್ ಜೊತೆಗೆ ಆಗಾಗ ಸೀನೂ ಬಂತು. "ಹಿಟ್ಟಿನ ಧೂಳು" ಎಂದು ಎಲ್ಲರೂ ಗಿರಣಿಯನ್ನು ಬೈದರು. ಪಾಪದ ಗಿರಣಿ.

ಈಗ ಪರದೆಯ ಮೇಲಿನ ತಗ್ಗು ನೋಡುತ್ತ ಅಂಬರೀಶ ಲೆಕ್ಕ ಹಾಕಿದ: ಮಾವನಿಗೆ ವಯಸ್ಸಾಯಿತು, ಕೈ ಸೋಲುತ್ತಿದೆ, ಪಾಪ. ಇದು ಹೊರಗೆ ಬಿದ್ದರೆ ಮಾವನ ಮಾನ ಹೋದೀತು. ಅಂಬರೀಶ ಅಮಾವಾಸ್ಯೆ ಭಜನೆಗೆ ಹೋಗಿದ್ದುಂಟು. ಆದರೆ ಹೋದಾಗೆಲ್ಲ ಆಂಪ್ಲಿಫೈಯರಿನ ಹಿಂದೆ ನಿಂತು ವೈರು ನೋಡಿದವನೇ ಹೊರತು ಹಾಡು ಕೇಳಿದವನಲ್ಲ. ಮೇಲಾಗಿ ಅವನು ಗುಮಾಸ್ತ. ಖಾಲಿ ಬಿಟ್ಟ ಜಾಗ ಕಂಡರೆ ಅವನ ಕೈ ತಾನೇ ತುಂಬುತ್ತದೆ. ಡೋಲಕ್ ಚೆನ್ನಾಗಿ ಬಿದ್ದ ಒಂದು ಸಾಲನ್ನು ಆರಿಸಿ, ಹಾಡಿನ ಉದ್ದಕ್ಕೂ ಅದನ್ನೇ ಅಂಟಿಸಿದ. 'ಟಕ್' ಎಂಬ ಕಸವನ್ನು ಅಳಿಸಿದ. ಹಿಂದೆ ಮುಂದೆ ಸರಿದ ಪೆಟ್ಟುಗಳನ್ನೆಲ್ಲ ಗೆರೆಗೆ ಕೂಡಿಸಿ ಪರೇಡಿನ ಪೊಲೀಸರ ಹಾಗೆ ನಿಲ್ಲಿಸಿದ. ಮೂಲ ಧ್ವನಿಯನ್ನು ಅಳಿಸಿ, ಆ ಜಾಗಕ್ಕೆ ಯಾರದೋ ತೊಟ್ಟಿಲ ಕಾರ್ಯದ ವಿಡಿಯೋ ತುಂಬಿದ. ಹಾಡನ್ನು ಭಜನಾ ಮೇಳದ ವಾಟ್ಸಾಪಿಗೆ ಹಾಕಿ, 'ಅಳಿಯಂದಿರ ಕಾಣಿಕೆ' ಎಂದು ತಾನೇ ಕೆಳಗೆ ಬರೆದುಕೊಂಡ.

*

ದೇವದುರ್ಗದಲ್ಲಿ ಗದ್ದೆಮ್ಮ ಕಟ್ಟೆಯ ಮೇಲೆ ಸ್ಪೀಕರ್ ಇಟ್ಟುಕೊಂಡು ಅರ್ಧ ಓಣಿಯನ್ನು ಕೂಡಿಸಿದ್ದಳು. ಪದ ಹೊರಟಿತು:

ಕದವಿಲ್ಲದ ಮನಿಯೊಳಗ ಹೊಕ್ಕಿತ್ತೋ ಕತ್ತೆ
ತೊಳೆಯದ ಗಂಗಾಳ ನೆಕ್ಕಿತ್ತೋ ನಾಯಿ
ಕಾವಲಿಗೆ ಕುಂತವನೆ ಆಗಿದ್ದ ಕಳ್ಳ
ಎಚ್ಚರಿಸೋ ಎನ್ನೊಡೆಯ ಬನ್ನಿಗಿಡದ ತಾತ

ಕಡೆಗೆ ತಾತನ ಹೆಸರು ಬಂದಾಗ ಹಾಡುವವರು ಅದನ್ನು ಉಸಿರಿರುವಷ್ಟೂ ಎಳೆಯುತ್ತಾರೆ. ಆಗ ಮೌನಪ್ಪ ಡೋಲಕ್ಕಿನಿಂದ ಕೈ ತೆಗೆದು ಹಣೆಗೆ ಹಚ್ಚುವುದು ವಾಡಿಕೆ. ಡೋಲಕ್ ನಿಲ್ಲುತ್ತದೆ, ಮಠದ ತುಂಬ ಕೂತ ಜನ ಕಣ್ಣು ಮುಚ್ಚಿ ಕೈ ಮುಗಿಯುತ್ತಾರೆ. ಆ ಒಂದು ಗಳಿಗೆಯ ನಿಶ್ಶಬ್ದಕ್ಕೆಂದೇ ಕವಿತಾಳ, ಗುಂಜಹಳ್ಳಿಯಿಂದ ಬಸ್ಸು ಹತ್ತಿ ಬರುವವರಿದ್ದಾರೆ. ಮೌನಪ್ಪ ಬಾರಿಸುವುದಕ್ಕಿಂತ ಬಾರಿಸದಿರುವುದೇ ಚಂದ ಎಂದು ಮನಸಾರೆ ಹೊಗಳುವವರಿದ್ದಾರೆ.

ಗದ್ದೆಮ್ಮ ಕಣ್ಣು ಮುಚ್ಚಿ ಕೈ ಜೋಡಿಸಿದಳು. ಡೋಲಕ್ ನಿಲ್ಲಲಿಲ್ಲ. ಮದುವೆ ಮೆರವಣಿಗೆಯಲ್ಲಿ ಕುಡಿದವರ ಕೈಗೆ ಸಿಕ್ಕಂತೆ ಧಡಧಡ ಬಡಿಯುತ್ತ ತಾತನ ಹೆಸರಿನ ಮೇಲೆಯೇ ಹಾಯ್ದು ಹೋಯಿತು.

"ಯವ್ವಾ! ಮೌನಪ್ಪ ಕೈ ಎತ್ತಲೇ ಇಲ್ಲಲ್ಲಬೇ!"

"ಇನ್ನೊಮ್ಮಿ ಹಚ್ಚು ನೋಡಮು" ಎಂದರು ಪಕ್ಕದವರು.

ಇನ್ನೊಮ್ಮೆ ಹಚ್ಚಿದರು. ಮತ್ತೂ ಒಮ್ಮೆ ಹಚ್ಚಿದರು. ಹಚ್ಚಿದಷ್ಟು ಸಲವೂ ಮೌನಪ್ಪ ತಾತನಿಗೆ ಕ್ಯಾರೇ ಅನ್ನಲಿಲ್ಲ.

"ಅವತ್ತು ರಾಯಚೂರಾಗ ನಿಂತಂಗ ಕೇಳಿತ್ತಲ್ಲ ನನಗ" ಎಂದಳು ಗದ್ದೆಮ್ಮ, ಅನುಮಾನದಿಂದ.

ತಾಳದ ಕನಕರಾಯ ಮುಂದೆ ಸರಿದ. ಡೋಲಕ್ಕಿನ ಜಾಗದ ಮೇಲೆ ಅವನಿಗೆ ಬಹಳ ದಿನದಿಂದ ಕಣ್ಣಿತ್ತು. ಕಣ್ಣಿದ್ದದ್ದು ಎಲ್ಲರಿಗೂ ಗೊತ್ತಿತ್ತು. "ಗದ್ದೆಮ್ಮತ್ತಿ, ನಮ್ಮ ಕಿವಿ ಮುಪ್ಪಾಗ್ಯಾವ. ಮಷಿನ್ನಿಗೆ ಮುಪ್ಪು ಅದ ಏನು? ಮೌನಪ್ಪಣ್ಣ ಕೌದಿ ಮರಿಗೆ ಕುಂತಿದ್ದ. ಯಾರೂ ನೋಡವಲ್ರು ಅಂತ ಕೈ ಎತ್ತಿಲ್ಲ. ಮಂದಿ ಮುಂದ ಬ್ಯಾರೆ ಭಕ್ತಿ, ಕೌದಿ ಹಿಂದ ಬ್ಯಾರೆ ಭಕ್ತಿ!"

ಸಂಜೆಯೊಳಗೆ ಮಾತು ಮಾನ್ವಿ ಮುಟ್ಟಿತು. ದಾರಿಯಲ್ಲಿ ಅದರ ಕೈಕಾಲು ಬದಲಾದವು. 'ಕೈ ಎತ್ತಲಿಲ್ಲ' ಎಂದು ದೇವದುರ್ಗ ಬಿಟ್ಟದ್ದು, 'ಕೈ ಎತ್ತಾಕ ಬರವಲ್ದು' ಎಂದು ಮಾನ್ವಿಯಲ್ಲಿ ಇಳಿಯಿತು. ಮರುದಿನ ಮಾನ್ವಿಯಲ್ಲಿದ್ದ ಮೌನಪ್ಪನ ತಮ್ಮ ಕೃಷ್ಣ, ಲಕ್ವಾಕ್ಕೆ ರಾಮಬಾಣವೆಂದು ಕವಿತಾಳದಲ್ಲಿ ಯಾರೋ ಕೊಟ್ಟ ಎಣ್ಣೆಯ ಬಾಟಲಿ ಹಿಡಿದು ಅಳುತ್ತ ಬಂದಿಳಿದ.

"ಯಣ್ಣಾ, ಯಾವ ಕಡಿ ಹೊಡದದ? ಬಾಯಿ ಸೊಟ್ಟ ಆಗ್ಯಾದೇನು?"

"ಲೇ, ನನಗೇನೂ ಆಗಿಲ್ಲಲೇ! ಗಟ್ಟಿ ಅದೀನಿ!"

"ಎಲ್ಲಾರೂ ಮೊದಲು ಹಂಗ ಅಂತಾರ" ಎಂದು ಕೃಷ್ಣ ಅಣ್ಣನ ಬಲಗೈ ಹಿಡಿದು ಎಣ್ಣೆ ತಿಕ್ಕತೊಡಗಿದ. ಮೌನಪ್ಪ ಕೈ ಕಿತ್ತುಕೊಂಡರೆ "ನೋಡ್ರಿ, ಕೈ ಹ್ಯಾಂಗ ಜಗ್ಗಾಕತ್ತದ" ಎಂದು ಇನ್ನಷ್ಟು ತಿಕ್ಕಿದ. ಎಣ್ಣೆಯ ವಾಸನೆಗೆ ಮನೆಯ ಬೆಕ್ಕು ಊರು ಬಿಟ್ಟಿತು.

ಮಠದ ಕಮಿಟಿಗೆ ಹಿರಿಯನೆಂದರೆ ದಫೇದಾರ ನಾಗೇಶಪ್ಪ. ಪೊಲೀಸ್ ನೌಕರಿಯಿಂದ ನಿವೃತ್ತಿಯಾಗಿದ್ದ. ಆದರೆ ನೌಕರಿ ಅವನಿಂದ ನಿವೃತ್ತಿ ಹೊಂದಿರಲಿಲ್ಲ. ಪ್ರಸಾದ ಹಂಚಿದರೂ ಪಂಚನಾಮೆ ಬರೆದವನ ಹಾಗೆ ನೋಡುತ್ತಿದ್ದ. "ಅಮಾಸಿತನಕ ಟೈಮ್ ಕೊಡ್ತೀನಿ" ಎಂದು ಅವನು ಅಪ್ಪಣೆ ಮಾಡಿದ. "ಆರೋಪ ಸುಳ್ಳು ಅಂತ ಸಿದ್ಧ ಆಗಬೇಕು. ಇಲ್ಲಂದ್ರ ಡೋಲಕ್ ಕನಕರಾಯಗ."

*

ರಾಯಚೂರಿನ ಮನೆಯಲ್ಲಿ ಶಶಿಕಲಾ ರೊಟ್ಟಿ ಬಡಿಯುತ್ತಿದ್ದಳು. ಮೂಕಮ್ಮನ ಫೋನು ಬಂದು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಬಹಳ ಹೊತ್ತು ಕೇಳಿದ ಮೇಲೆ ಅವಳು ಗಂಡನ ಕಡೆ ತಿರುಗಿದಳು.

"ಏನ್ರೀ, ನಮ್ಮಪ್ಪನ ಡೋಲಕ್ಕಿಗೆ ಏನು ಮಾಡೀರಿ?"

"ಏನ್ ಮಾಡ್ತೀನಿ? ಸುದ್ದ ಮಾಡೀನಿ. ನಡುನಡುವ ತಗ್ಗು ಇದ್ದುವು, ಮುಚ್ಚೀನಿ. ಕೈ ಸೋತಾವ ನಿಮ್ಮಪ್ಪನ್ವು. ನಾ ಯಾರಿಗೂ ಹೇಳಾಕ ಹೋಗಿಲ್ಲ ನೋಡು" ಎಂದು ಅಂಬರೀಶ ಉಪಕಾರ ಮಾಡಿದವನ ಗಾಂಭೀರ್ಯದಲ್ಲಿ ಹೇಳಿದ.

"ಎಲ್ಲಿದ್ದುವು ತಗ್ಗು?"

"ನುಡಿ ಮುಗಿಯೂ ಕಡಿ. ತಾತಾ ಅಂತಾರಲ್ಲ, ಅಲ್ಲಿ."

ರೊಟ್ಟಿಯ ಸಪ್ಪಳ ನಿಂತಿತು. ಆ ಮನೆಯಲ್ಲಿ ರೊಟ್ಟಿಯ ಸಪ್ಪಳ ನಡುವೆ ನಿಂತರೆ ಹೊರಗೆ ಆಟೋಗಳು ಕೂಡ ಒಂದು ಗಳಿಗೆ ನಿಲ್ಲುತ್ತಿದ್ದವೇನೋ.

"ಅದು ತಗ್ಗಲ್ರೀ! ನಮ್ಮಪ್ಪನ ನಮಸ್ಕಾರ ಅದು! ನಮಸ್ಕಾರದ ಮ್ಯಾಲೆ ಮಣ್ಣು ಹಾಕೀರಲ್ಲ!"

ಅಂಬರೀಶ ಬಾಯಿ ತೆರೆದ. ಅದರಿಂದ ಏನೂ ಹೊರಡಲಿಲ್ಲ. ಅದೂ ಒಂದು ತಗ್ಗೇ.

ಶಶಿಕಲಾ ಬ್ಯಾಗು ತುಂಬಿದಳು. "ಅಮಾಸಿ ದಿನ ನಮ್ಮಪ್ಪ ಆ ಜಾಗದಾಗ ಕುಂತ್ರ ನಾ ವಾಪಸ್ ಬರ್ತೀನಿ. ಇಲ್ಲಂದ್ರ ನೀವು, ನಿಮ್ಮ ಲ್ಯಾಪ್‌ಟಾಪು ಇಬ್ರೂ ಕೂಡಿ ರೊಟ್ಟಿ ಬಡಕೊಂಡು ತಿನ್ರಿ" ಎಂದು ಕಾದ ಹಂಚು ಹಾಗೆಯೇ ಬಿಟ್ಟು ದೇವದುರ್ಗದ ಬಸ್ಸಿಗೆ ಹೋದಳು.

ಅಂಬರೀಶ ಸ್ಟುಡಿಯೋಕ್ಕೆ ಓಡಿದ. ಮೂಲ ಧ್ವನಿ ಎಲ್ಲಿದೆ? ಅದರ ಜಾಗದಲ್ಲಿ ಯಾರದೋ ಕೂಸು ತೊಟ್ಟಿಲಲ್ಲಿ ಕಾಲು ಆಡಿಸುತ್ತಿತ್ತು. ಚಿಂತೆಯಿಲ್ಲ, ತಗ್ಗು ಮುಚ್ಚಿದವನಿಗೆ ತೋಡಲು ಬಾರದೇ? ತಾತನ ಹೆಸರಿನ ಮೇಲಿದ್ದ ಡೋಲಕ್ಕಿನ ಬಾಲವನ್ನು ಕತ್ತರಿಸಿದ. ಚಂದದ ಒಂದು ಖಾಲಿ ಬಂತು.

ಇಲ್ಲಿಯೇ ಕಂಡಕ್ಟರು ಟಿಕೆಟ್ಟು ಕೇಳಿದ್ದರಿಂದ ತಪ್ಪಿದ ಪಾಠ ಬಂದು ಕಾಲಿಗೆ ಸುತ್ತಿಕೊಂಡಿತು. ಆ ಸಾಫ್ಟ್‌ವೇರಿನಲ್ಲಿ ಒಂದು ತುಣುಕನ್ನು ಹತ್ತು ಕಡೆ ಅಂಟಿಸಿದರೆ ಅವೆಲ್ಲ ಬೇರೆಬೇರೆ ತುಣುಕುಗಳಲ್ಲ, ಒಂದೇ ತುಣುಕಿನ ನೆರಳುಗಳು. ರಾಕ್ಷಸನ ಒಂದು ಹನಿ ರಕ್ತ ಬಿದ್ದರೆ ನೂರು ರಾಕ್ಷಸರು ಏಳುತ್ತಿದ್ದರು ಎಂದು ಪುರಾಣ ಹೇಳುತ್ತದೆ. ಇಲ್ಲಿ ಉಲ್ಟಾ, ಒಬ್ಬನ ಮೂಗು ಕೊಯ್ದರೆ ನೂರು ಜನರ ಮೂಗೂ ಹೋಗುತ್ತದೆ. ಅಂಬರೀಶ ಕೊನೆಯ ಸಾಲಿನ ಬಾಲ ಕತ್ತರಿಸಿದಾಗ ಹಾಡಿನ ಎಲ್ಲ ಸಾಲುಗಳ ಬಾಲವೂ ಉದುರಿತು. ಒಮ್ಮೆ ಕೇಳಿ ನೋಡೋಣವೆಂದರೆ, ಅಷ್ಟರಲ್ಲಿ ಕರೆಂಟು ಬಂದು ಕೆಳಗೆ ಗಿರಣಿ ಗುಡುಗಿತು. ಪರದೆಯನ್ನೇ ಕಣ್ಣಿಗೊತ್ತಿಕೊಂಡು ಹಾಡನ್ನು ಕಳಿಸಿಬಿಟ್ಟ. ಕೆಳಗೆ 'ಸರಿಪಡಿಸಲಾಗಿದೆ' ಎಂದು ಆಫೀಸಿನ ಭಾಷೆಯಲ್ಲಿ ಬರೆದ.

ಗದ್ದೆಮ್ಮನ ಕಟ್ಟೆಯ ಮೇಲೆ ಮತ್ತೆ ಓಣಿ ಕೂಡಿತು. "ಹೊಕ್ಕಿತ್ತೋ ಕತ್ತೆ..." ಎಂದು ಸಾಲು ಮುಗಿಯುತ್ತಲೇ ಡೋಲಕ್ ನಿಂತಿತು. ಡೋಲಕ್ ನಿಂತರೆ ಕೈ ಮುಗಿಯುವುದು ಜನ್ಮದ ರೂಢಿ. ಗದ್ದೆಮ್ಮ ಕಣ್ಣು ಮುಚ್ಚಿ ಕತ್ತೆಗೆ ಕೈ ಮುಗಿದಳು. ಓಣಿಯೂ ಮುಗಿಯಿತು. "ನೆಕ್ಕಿತ್ತೋ ನಾಯಿ..." ಎಂದು ಮತ್ತೆ ನಿಂತಿತು, ನಾಯಿಗೂ ನಮಸ್ಕಾರ ಸಂದಿತು. ಕಳ್ಳನಿಗೆ ಮುಗಿದ ಮೇಲೆ ಗದ್ದೆಮ್ಮನಿಗೆ ಎಚ್ಚರವಾಯಿತು.

"ಏನವ್ವಾ ಇದು! ಕತ್ತಿಗೆ ಕೈ ಮುಗದ್ನೆಲ್ಲಬೇ, ಈ ವಯಸ್ಸಿನ್ಯಾಗ!"

"ತಾತಗೂ ನಮಸ್ಕಾರ, ಕತ್ತಿಗೂ ನಮಸ್ಕಾರ, ಕಳ್ಳಗೂ ನಮಸ್ಕಾರ" ಎಂದ ಕನಕರಾಯ. "ಇದು ಭಕ್ತಿ ಅಲ್ಲತ್ತಿ, ಇಲೆಕ್ಷನ್!"

ಕೃಷ್ಣ ಮಾತ್ರ ಬೆಚ್ಚಿ ಎಣ್ಣೆಯ ಬಾಟಲಿಯನ್ನೇ ನೋಡಿದ. "ಎಣ್ಣಿ ಜಾಸ್ತಿ ಆಗ್ಯಾದ. ಕೈ ತಾನ ತಾನ ಏಳಾಕತ್ತದ."

ಅಂದು ಸಂಜೆ ಅಂಬರೀಶನಿಗೆ ದಫೇದಾರನ ಫೋನು ಬಂತು. "ಅಮಾಸಿ ದಿನ ಮಠಕ್ಕ ಹಾಜರಾಗಬೇಕು. ಲ್ಯಾಪ್‌ಟಾಪ್ ಸಮೇತ."

"ಲ್ಯಾಪ್‌ಟಾಪ್ ಯಾಕ್ರೀ?"

"ಅದಾ ಒಂದನೇ ಸಾಕ್ಷಿ. ನೀವು ಎರಡನೇದವ್ರು."

*

ಗಬ್ಬೂರು ದಾಟಿ ಬಸ್ಸು ದೇವದುರ್ಗ ಮುಟ್ಟುವವರೆಗೂ ಅಂಬರೀಶ ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದ, ಹೆಣ್ಣು ಕೇಳಲು ಹೋಗುವವರು ಹಣ್ಣಿನ ಬುಟ್ಟಿ ಇಟ್ಟುಕೊಂಡ ಹಾಗೆ. ಒಂದು ಲೆಕ್ಕಕ್ಕೆ ಅವನು ಹೊರಟದ್ದೂ ಹೆಣ್ಣು ಕೇಳಲಿಕ್ಕೇ; ತನ್ನದೇ ಹೆಂಡತಿಯನ್ನು.

ಮಠ ತುಂಬಿತ್ತು. ಗದ್ದುಗೆಯ ಮೇಲೆ ತಾತನ ಕಟ್ಟಿಗೆಯ ಪಾದುಕೆಗಳು, ಬಲಮಗ್ಗುಲಿಗೆ ಯಾರೂ ಮುಟ್ಟದ ಡೋಲಕ್. ಮೌನಪ್ಪ ಕಂಬಕ್ಕೆ ಒರಗಿ, ಎಣ್ಣೆಯಿಂದ ಮಿರಮಿರ ಮಿಂಚುವ ಬಲಗೈಯನ್ನು ಮೈಯಿಂದ ದೂರ ಹಿಡಿದು ಕೂತಿದ್ದ. ಅಳಿಯನನ್ನು ಕಂಡು "ಬಂದ ನೋಡು ಇಂವ" ಎಂದ, ಕಂಬಕ್ಕೆ. ಹೆಂಗಸರ ಸಾಲಿನಲ್ಲಿದ್ದ ಶಶಿಕಲಾ ಬೇಕೆಂದೇ ಬೇರೆ ಕಡೆ ನೋಡಿದಳು.

"ಹೆಸರು?" ಎಂದ ದಫೇದಾರ.

"ಅಂಬರೀಶ್ರೀ. ನಮ್ಮ ಲಗ್ನಕ್ಕ ನೀವಾ ಬಂದು ಅಕ್ಕಿಕಾಳ್ ಹಾಕಿದ್ರೆಲ್ಲ."

"ಕೇಳಿದ್ದಷ್ಟ ಹೇಳ್ರಿ. ಮೌನಪ್ಪ ಕೈ ಎತ್ತ್ಯಾನೋ ಇಲ್ಲೋ?"

"ಎತ್ತ್ಯಾರ್ರೀ. ಡೋಲಕ್ ನಿಂತಿತ್ತು. ನಾನಾ ಆ ಜಾಗದಾಗ ಬ್ಯಾರೆ ಕಡಿ ಡೋಲಕ್ ತಂದು ಅಂಟಿಸೀನಿ. ಎರಡನೇ ಸಲ ಬಿಚ್ಚಾಕ ಹೋಗಿ ಎಲ್ಲಾ ಕಡಿ ಬಿಚ್ಚಿದೆ. ತಪ್ಪು ನಂದು."

ದಫೇದಾರ ನಕ್ಕ. ಕಳ್ಳರನ್ನು ಬಿಡಿಸಲು ಬಂದ ಬೀಗರ ಮಾತು ಕೇಳಿ ಅವನು ಹೀಗೆಯೇ ನಗುತ್ತಿದ್ದನಂತೆ. "ಬಾರಿಸದ್ದನ್ನ ಮಷಿನ್ ಹ್ಯಾಂಗ ಬಾರಸ್ತದ? ಸಿಸಿ ಕ್ಯಾಮೆರಾದಾಗ ಕಳ್ಳ ಕಂಡ ಅಂದ್ರ ಕಳ್ಳ ಇದ್ದ ಅಂತಾನಾ ಅರ್ಥ. ಮಾವನ್ನ ಉಳಿಸಾಕ ಬಂದೀರಿ, ಮೆಚ್ಚಿದೆ. ನಂಬಂಗಿಲ್ಲ."

"ಹಂಗಾರ ಇಲ್ಲೇ ಮಾಡಿ ತೋರಸ್ತೀನಿ" ಎಂದು ಅಂಬರೀಶ ಟವೆಲ್ ಬಿಚ್ಚಿದ. "ಯಾರರ ಡೋಲಕ್ಕಿಗೆ ಕುಂದ್ರಿ."

ಯಾರರ ಎಂಬುದು ಬಾಯಿಂದ ಹೊರಡುವ ಮೊದಲೇ ಕನಕರಾಯ ಡೋಲಕ್ಕಿನ ಮುಂದಿದ್ದ. ಗದ್ದೆಮ್ಮ ಒಂದು ನುಡಿ ಹಾಡಿದಳು. ತಾತನ ಹೆಸರು ಬಂತು. ಜನ ಕಣ್ಣು ಮುಚ್ಚುವ ಮೊದಲೇ ಕಾಣಲೆಂದು ಕನಕರಾಯ ತುಸು ಅವಸರವಾಗಿಯೇ, ಕೈಯನ್ನು ತೊಲೆ ಮುಟ್ಟುವಷ್ಟು ಎತ್ತಿ, ಹಣೆಗೆ ಧಪ್ಪೆಂದು ಹಚ್ಚಿ ನಮಸ್ಕರಿಸಿದ. ಅಂಬರೀಶ ಮೊದಲಿನ ಹಾಗೆಯೇ ಒಂದು ಸಾಲು ತೆಗೆದು ಖಾಲಿಯ ಮೇಲೆ ಅಂಟಿಸಿ, ಮಠದ ಸ್ಪೀಕರಿಗೆ ಹಚ್ಚಿದ.

ತಾತನ ಹೆಸರಿನ ಮೇಲೆ ಕನಕರಾಯನ ಡೋಲಕ್ ಧಡಧಡ ಹಾಯ್ದು ಹೋಯಿತು.

"ನೋಡಿದ್ರಿ?" ಎಂದು ಅಂಬರೀಶ ಗೆದ್ದವನಂತೆ ಎದ್ದು ನಿಂತ. "ಕೈ ಎತ್ತಿದ್ದು ಎಲ್ಲಾರೂ ನೋಡೀರಿ. ಮಷಿನ್ನಾಗ ಇಲ್ಲ. ಮಷಿನ್ ಸುಳ್ಳು ಹೇಳ್ತದ!"

ಮಠದಲ್ಲಿ ಗುಜುಗುಜು ಎದ್ದಿತು. ಗದ್ದೆಮ್ಮ ಎರಡೂ ಕೈ ಎತ್ತಿ ಎಲ್ಲರನ್ನೂ ಸುಮ್ಮನಾಗಿಸಿದಳು.

"ಸುಳ್ಳಲ್ಲ ತಮ್ಮಾ. ಕನಕರಾಯ ಕೈ ಎತ್ತಿದ್ದು ನಮಗ ಕಂಡದ. ಮನಸ್ಸು ಎತ್ತಿಲ್ಲ ಅಂಬೂದು ಮಷಿನ್ನಿಗೆ ಕಂಡದ."

"ಹೌದೌದು! ಒಳಗಿಂದು ತೋರಸ್ತದ!" ಎಂದಿತು ಜನ.

"ಅಯ್ಯೋ, ಒಳಗಿಂದು ಹೊರಗಿಂದು ಏನೂ ಇಲ್ರೀ, ನಾ ಅಂಟಿಸಿದ್ದು" ಎಂದು ಅಂಬರೀಶ ಕೂಗಿದ. ಸತ್ಯ ಹೇಳುವವನಿಗೆ ಮಠದಲ್ಲಿ ಯಾವತ್ತೂ ಮೈಕು ಸಿಗುವುದಿಲ್ಲ. ಕನಕರಾಯ "ನಂದೂ ಮನಸ್ಸಿತ್ತು, ತಾತನಾಣಿ ಇತ್ತು" ಎಂದು ಗೊಣಗುತ್ತ ತಾಳದ ಹತ್ತಿರ ಸರಿದ.

"ಈಗ ಮೌನಪ್ಪನ ಪರೀಕ್ಷಾ" ಎಂದ ದಫೇದಾರ. "ಮೈಕ್ ಹತ್ತಿರ ಇಡ್ರಿ. ಒಳಗಿಂದು ಪೂರಾ ಬರ್ಲಿ."

ಮೌನಪ್ಪ ಮೈಕು ನೋಡಿದ. ಅದು ಅವನ ಸೊಂಟದ ಮಗ್ಗುಲಿಗೇ ಬಂದು ನಿಂತಿತ್ತು. "ಬ್ಯಾಡ ಬಿಡ್ರಿ" ಎಂದ, ಯಾವತ್ತೂ ಇಲ್ಲದ ಮೆತ್ತಗಿನ ದನಿಯಲ್ಲಿ. "ಕನಕರಾಯನಾ ಕುಂದರ್ಲಿ. ಹರೇದಂವ."

"ಎಂಥಾ ದೊಡ್ಡ ಮನಸ್ಸು ನೋಡ್ರಿ!" ಎಂದು ಹೆಂಗಸರು ಲೊಚಗುಟ್ಟಿದರು.

"ಯಪ್ಪಾ, ಕುಂದ್ರು!" ಎಂದಳು ಶಶಿಕಲಾ. ಮೂಕಮ್ಮ ಅಷ್ಟರಲ್ಲಾಗಲೇ ನಶ್ಯತ್ಯಾಗದ ಕಥೆಯ ನಡುಮಧ್ಯದಲ್ಲಿದ್ದಳು.

ಮೌನಪ್ಪ ಕೂತ. ಎಣ್ಣೆಯ ಕೈ ಪಂಚೆಗೆ ಒರೆಸಿಕೊಂಡು ಬಾರಿಸತೊಡಗಿದ. ನಿಜ ಹೇಳಬೇಕೆಂದರೆ ಆ ಬಾರಿಸುವಿಕೆಯ ಮುಂದೆ ಗೆರೆಗೆ ಕೂಡಿಸಿದ ಪೆಟ್ಟುಗಳೆಲ್ಲ ಸತ್ತ ಮೀನು. ಅಂಬರೀಶನಿಗೂ ಅದು ಮೊದಲ ಸಲ ಕೇಳಿಸಿತು. ತಾತನ ಹೆಸರು ಬಂತು. ಗದ್ದೆಮ್ಮ ಎಳೆದಳು. ಮಠಕ್ಕೆ ಮಠವೇ ಕಣ್ಣು ಮುಚ್ಚಿ ಕೈ ಮುಗಿಯಿತು, ದಫೇದಾರ ಕೂಡ.

ತೆರೆದಿದ್ದವು ಎರಡೇ ಕಣ್ಣು. ಗೆರೆ ನೋಡಬೇಕಾದ್ದರಿಂದ ಅಂಬರೀಶ ಕಣ್ಣು ಮುಚ್ಚುವಂತಿರಲಿಲ್ಲ. ಪರದೆಯಿಂದ ಕಣ್ಣೆತ್ತಿ ಮಾವನ ಕಡೆ ನೋಡಿದ.

ಮೌನಪ್ಪನ ಕೈ ಡೋಲಕ್ಕಿನಿಂದ ಎದ್ದಿತು. ಎದ್ದದ್ದು ಹಣೆಗೆ ಹೋಗಲಿಲ್ಲ, ಸೊಂಟಕ್ಕೆ ಹೋಯಿತು. ಸೊಂಟದಿಂದ ಒಂದು ಸಣ್ಣ ಡಬ್ಬಿ ಎಡಗೈಗೆ ಬಂತು. ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಚಿಟಿಕೆ ಎದ್ದು ಮೂಗಿಗೆ ಸೇರಿತು. ಮೂಗಿನಿಂದ ಕೈ ಹಾಗೆಯೇ ಮೇಲೇರಿ, ಹೋಗುವ ದಾರಿಯಲ್ಲೇ ಹಣೆ ಇದೆಯಲ್ಲ ಎಂಬಂತೆ ಹಣೆಯನ್ನು ಮುಟ್ಟಿತು. ಎಡಗೈ ಡಬ್ಬಿಯ ಮುಚ್ಚಳ ಒತ್ತಿತು: ಟಕ್. ಡಬ್ಬಿ ಸೊಂಟ ಸೇರಿತು, ಕೈ ಡೋಲಕ್ ಸೇರಿತು, ಊರು ಕಣ್ಣು ತೆರೆಯಿತು. ದೀಪಕ್ಕೆ ಎಣ್ಣೆ ಹಾಕುವಷ್ಟು ನಿಧಾನವಿಲ್ಲ, ಹೊಲಿಗೆಯಷ್ಟು ಅಚ್ಚುಕಟ್ಟು. ವರ್ಷಗಟ್ಟಲೆ ಸಾಧನೆ ಇಲ್ಲದೆ ಬರುವ ವಿದ್ಯೆಯಲ್ಲ ಅದು.

ಮಾವನ ಕಣ್ಣು ಅಳಿಯನ ಕಣ್ಣಿಗೆ ಸಿಕ್ಕಿತು. ಮೌನಪ್ಪ ಆ ಹೊತ್ತು ಹೆಸರಿಗೆ ತಕ್ಕವನಾದ.

ಸ್ಟುಡಿಯೋದ ಸೀನು, ಪಾಪದ ಗಿರಣಿ, ಖಾಲಿ ಹೊಲದ ನಡುವಿನ ಮೊಳಕೆ, ಎಲ್ಲವೂ ಅಂಬರೀಶನ ತಲೆಯಲ್ಲಿ ಒಂದೇ ಗೆರೆಗೆ ಬಂದು ಕೂತವು. ಪರದೆಯ ಮೇಲೆ ಆ ಮೊಳಕೆ ಮತ್ತೆ ನಿಂತಿತ್ತು. ಅದನ್ನು ಅಳಿಸಲು ಬೆರಳು ಚಾಚಿದ.

"ಮುಟ್ಟಬ್ಯಾಡ್ರಿ!" ದಫೇದಾರ ಕೈ ಹಿಡಿದ. "ಸಾಕ್ಷಿ ಮುಟ್ಟಿದ್ರ ಗುನ್ನೆ. ಇದ್ದದ್ದು ಇದ್ದಂಗ ಹಚ್ಚರಿ."

ಹಚ್ಚಿದ. ಇನ್ನೇನು ಮಾಡಿಯಾನು? ಸ್ಪೀಕರಿನಿಂದ ಡೋಲಕ್ ಬಂತು, ತಾತನ ಹೆಸರು ಬಂತು, ಡೋಲಕ್ ನಿಂತಿತು. ನಿಶ್ಶಬ್ದ. ಆ ನಿಶ್ಶಬ್ದದ ಒಳಗಿನಿಂದ, ಮಠದ ನಾಲ್ಕು ಗೋಡೆಗೂ ಕೇಳುವ ಹಾಗೆ, ಒಂದು ಸಪ್ಪಳ:

ಟಕ್.

ಅಂಬರೀಶ ಕಣ್ಣು ಮುಚ್ಚಿದ. ಮಾವನ ಜಾಗ ಹೋಯಿತು, ಹೆಂಡತಿ ಹೋದಳು, ರೊಟ್ಟಿ ಹೋಯಿತು.

"ಕೇಳಿದ್ರೇನಬೇ?" ಗದ್ದೆಮ್ಮ ಗದ್ದುಗೆಯ ಕಡೆ ಕೈ ಚಾಚಿದಳು. "ಪಾದುಕಿ! ತಾತನ ಪಾದುಕಿ ಸಪ್ಪಳ! ಮೌನಪ್ಪ ಕರದ, ತಾತ ನಡಕೋತ ಬಂದ!"

ಜನ ಗದ್ದುಗೆಯ ಮೇಲಿನ ಕಟ್ಟಿಗೆಯ ಪಾದುಕೆ ನೋಡಿದರು, ಮೌನಪ್ಪನನ್ನು ನೋಡಿದರು, ಸಾಲಾಗಿ ಅಡ್ಡಬಿದ್ದರು. ಎಲ್ಲರಿಗಿಂತ ಮೊದಲು ಬಿದ್ದವನು ಕನಕರಾಯ. ಕೃಷ್ಣ ಎಣ್ಣೆಯ ಬಾಟಲಿಯನ್ನು ಗದ್ದುಗೆಯ ಮುಂದಿಟ್ಟು ಅದಕ್ಕೂ ಕೈ ಮುಗಿದ. ದಫೇದಾರ ತನ್ನ ಕೈಯಾರೆ ಡೋಲಕ್ ಎತ್ತಿ ಮೌನಪ್ಪನ ತೊಡೆಗೆ ತಾಗಿಸಿಟ್ಟು, "ಈ ಜಾಗ ಉಸಿರಿರೂತನಕ ನಿಂದಪಾ" ಎಂದ. ಶಶಿಕಲಾ ಹೆಂಗಸರ ಸಾಲಿನಿಂದ ಎದ್ದು ಬಂದು ಗಂಡನ ಹಿಂದೆ ನಿಂತು, "ಬ್ಯಾಗ್ ಬಿಚ್ಚಿಲ್ಲ, ಹಂಗಾ ಅದ" ಎಂದು ಮೆಲ್ಲಗೆ ಹೇಳಿದಳು.

ಇಷ್ಟಕ್ಕೇ ಮುಗಿದಿದ್ದರೆ ಎಲ್ಲರೂ ಅವರವರ ಪುಣ್ಯ ಅವರವರು ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರು. ಆದರೆ ದಫೇದಾರ ಲ್ಯಾಪ್‌ಟಾಪಿನ ಮೇಲೆ ಬಗ್ಗಿ, ಬೆರಳಿನಿಂದ ಆ ಮೊಳಕೆಯನ್ನು ತೋರಿಸಿದ.

"ಇದಾ ಅಲ್ರೀ ಪಾದುಕಿ ಸಪ್ಪಳ?"

"...ಹೂಂರೀ."

"ಇದರ ಬಾಜೂಕ ಇನ್ನೊಂದು ಸಣ್ಣಂದು ಕಾಣಾಕತ್ತದಲ್ಲ, ಅದೇನು?"

ಅಂಬರೀಶ ನೋಡಿದ. ಅದು ಚಿಟಿಕೆ ಮೂಗಿಗೇರುವಾಗಿನ 'ಸೊರ್ರ್'. ಸದ್ಯಕ್ಕೆ ಗದ್ದೆಮ್ಮನ ದನಿಯ ನೆರಳಲ್ಲಿ ಮುಚ್ಚಿಕೊಂಡು ಕೂತಿತ್ತು.

"ತಾತ ಉಸಿರು ಬಿಟ್ಟಿರಬೇಕು" ಎಂದು ದಫೇದಾರ ತಾನೇ ತನಿಖೆ ಮುಗಿಸಿದ. "ಒಂದು ಕೆಲಸ ಮಾಡ್ರಿ. ಹಾಡು ಸಣ್ಣ ಮಾಡ್ರಿ, ಈ ಎರಡೂ ಸಪ್ಪಳ ಎಷ್ಟಾಗತದೋ ಅಷ್ಟು ಜೋರು ಮಾಡ್ರಿ. ಮಾಳಿಗಿ ಮ್ಯಾಲೆ ಕಹಳಿ ಕಟ್ಟಿ ದಿನಾ ಮುಂಜಾನಿ ಊರಿಗೆಲ್ಲ ಕೇಳಸ್ತೀವಿ. ಮಾನ್ವಿ ಮಂದಿಗೂ ಕಳಸ್ತೀವಿ."

"ಹಚ್ಚಪಾ ತಮ್ಮಾ, ಹಚ್ಚು! ತಾತನ ಉಸಿರು ಕೇಳಿ ಸಾಯ್ತೀನಿ" ಎಂದಳು ಗದ್ದೆಮ್ಮ. ಮಠ ತುಂಬ ಕೈಗಳು ಜೋಡಿಸಿಕೊಂಡು ಅಂಬರೀಶನ ಕಡೆ ತಿರುಗಿದವು. ಇಡೀ ಜನ್ಮದಲ್ಲಿ ಅಷ್ಟು ಜನ ಅವನನ್ನು ಏನನ್ನೂ ಬೇಡಿದ್ದಿಲ್ಲ.

ಅವನು ಮಾವನ ಕಡೆ ನೋಡಿದ. ಮೌನಪ್ಪನ ಒಂದು ಕೈ ಡೋಲಕ್ಕಿನ ಮೇಲಿತ್ತು, ಇನ್ನೊಂದು ಸೊಂಟದ ಮೇಲಿತ್ತು. ಮೂಗಿನ ತುದಿ ಕೆಂಪಾಗಿ, ಬರಲಿರುವ ಸೀನೊಂದನ್ನು ದೇವರ ಮೇಲೆ ಭಾರ ಹಾಕಿ ತಡೆದು ಹಿಡಿದಿದ್ದ. ಒಣಗಿದ ತುಟಿ ಎರಡು ಸಲ ಅಲುಗಿ, ಮೂರನೆಯ ಸಲಕ್ಕೆ ಮಾತು ಹೊರಟಿತು.

"ಅಳಿಯಂದಿರಾ..."

ಅಂಬರೀಶ ಬೆನ್ನು ನೆಟ್ಟಗೆ ಮಾಡಿದ. ಲ್ಯಾಪ್‌ಟಾಪಿನ ಮುಚ್ಚಳ ಹಿಡಿದು ಮುಚ್ಚಿದ. ಅದು 'ಟಕ್' ಎಂದಿತು. ಅರ್ಧ ಮಠ ಕಣ್ಣು ಮುಚ್ಚಿ ಕೈ ಮುಗಿಯಿತು.

"ಇಲ್ರೀ ದಫೇದಾರ್ರ" ಎಂದ ಅಳಿಯಂದಿರು. "ಅದು ನನ್ನ ಕಡಿಂದ ಆಗಂಗಿಲ್ಲ."